ಹಾಗೇ ಮಾಡೋಣಮ್ಮ

ನಮ್ಮ ಮನೆಯಲ್ಲಿ ಮುದುಕ ಎಂದರೆ ಒಂದು ಕಂಪ್ಯೂಟರ್. ನಾನು ಕೆಲಸ ಮಾಡುವ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಹೊಸದು ಬಂದಮೇಲೆ ಗುಜರಿಗೆ ಹೊರಟಿದ್ದ ಡಬ್ಬ. ಕೇಳಿ ಮನೆಗೆ ತಂದೆ. ಧೂಳು ಕೊಡವಿ, ಸಡಿಲವಾಗಿದ್ದ ತಿರುಪುಗಳನ್ನು ಬಿಗಿದು, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಹಾಕಿ, ಹಾಲಿನ ಮೂಲೆಯ ಗೂಡಿನಲ್ಲಿ ಕೂರಿಸಿದೆ. ಮನೆಯವರ ಫೋಟೋ, ಹಾಡು, ಕಾಗದಪತ್ರಗಳ ನಕಲು ಎಲ್ಲ ಅದರ ಹೊಟ್ಟೆಯೊಳಗೆ. ಯಾವ ಕಂಪನಿಯ ಹಂಗೂ ಇಲ್ಲದೆ ಹಗಲಿರುಳು ಓಡುವ ನಮ್ಮದೇ ಸರ್ವರ್. ಬಿಸಿ ಏರಿದಾಗ ಅದರ ಫ್ಯಾನು ಖೊರ್ ಖೊರ್ ಎನ್ನುತ್ತಿತ್ತು. "ನೋಡೇ, ನಿನ್ನ ಮುದುಕ ಕೆಮ್ತಿದಾನೆ, ಸಿರಪ್ಪು ಕುಡಿಸು" ಎಂದು ಇವರು ಛೇಡಿಸುತ್ತಿದ್ದರು.

ಇವರು ಎಂದರೆ ನನ್ನ ಗಂಡ, ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಬಾಯಿಯೇ ಬಂಡವಾಳ. ಈರುಳ್ಳಿ ಮೂಟೆಗಳ ನಡುವೆ ನಿಂತು 'ಒಂದನೇ ಸಲ, ಎರಡನೇ ಸಲ' ಎಂದರೆ ಗೇಟಿನ ಆಚೆ ಲಾರಿಯಲ್ಲಿ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರಂತೆ. ಮನೆಗೆ ಬಂದರೂ ಅದೇ ವೇಗ, ಅದೇ ಗಂಟಲು. ಎದುರಿನವರು ಅರ್ಧ ಮಾತು ಆಡುವುದರೊಳಗೆ ಇವರ ಉತ್ತರ ಬಂದು ಬಿದ್ದಿರುತ್ತಿತ್ತು. ಕೋಪವಂತೂ ಮೂಗಿನ ತುದಿಯಲ್ಲೇ. ನಾನೂ ಕಡಿಮೆಯೇನಲ್ಲ, ಮಾತಿಗೆ ಮಾತು ಕೊಟ್ಟು ಬದುಕಿಕೊಂಡೆ. ಅತ್ತೆಗೆ ಪಾಪ ಆ ಕಲೆ ಬರಲಿಲ್ಲ. ನಮ್ಮ ಜೊತೆಗಿದ್ದಾಗ ಒಂದು ಸಂಜೆ ಏನೋ ಹಳೆಯ ವಿಷಯ ಎತ್ತಿಕೊಂಡು ನಿಧಾನವಾಗಿ ಹೇಳುತ್ತಿದ್ದರು. ಇವರು ತಟ್ಟೆ ತಳ್ಳಿ, "ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ?" ಎಂದು ಮನೆ ಅದುರುವ ಹಾಗೆ ಕೂಗಿದರು. ಮರುದಿನವೇ ಅತ್ತೆ ಚೀಲ ಹಿಡಿದು ಮಗಳ ಊರಿಗೆ ಹೊರಟುಹೋದರು. ಆಮೇಲೆ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಇಡ್ತೀನಿ. ಅಷ್ಟೇ.

ಅಂಥ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ಒಂದು ತೂತು ಇಡುತ್ತೇವೆ, ಇನ್ನು ಉಸಿರಾಟ ಅಲ್ಲಿಂದಲೇ, ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಇವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಿದ್ದು ನಾನು ಕಂಡಂತೆ ಅದೇ ಮೊದಲು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಮೂಟೆ ಹೊರೋದೊಂದು ಬಾಕಿ ಇತ್ತು, ಇನ್ನು ಅದನ್ನೇ ಮಾಡ್ತೀನಿ" ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಮನೆಗೆ ಬಂದವಳೇ ಮುದುಕನ ಮುಂದೆ ಕೂತೆ.

ಒಬ್ಬರ ಧ್ವನಿಯ ಮಾದರಿ ಕೊಟ್ಟರೆ ಅದೇ ಧ್ವನಿಯಲ್ಲಿ ಬರಹವನ್ನು ಓದುವ ತಂತ್ರಾಂಶಗಳಿವೆ ಎಂದು ಗೊತ್ತಿತ್ತು. ಧ್ವನಿಯನ್ನು ನಮ್ಮ ಕಂಪನಿಗೆ ಕಳಿಸಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡಿಕೊಡುತ್ತೇವೆ ಎನ್ನುವ ಕಂಪನಿಗಳೂ ಇದ್ದವು. ನನಗೆ ಮನಸ್ಸು ಒಪ್ಪಲಿಲ್ಲ. ಕಟ್ಟಿಕೊಂಡ ಗಂಡನ ಗಂಟಲನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಡುವುದೆಂದರೇನು? ನಾಳೆ ಯಾರೋ ಇವರ ಧ್ವನಿಯಲ್ಲಿ ಸೋಪು ಮಾರಿದರೆ? ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಬಳಸಿಕೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಬಿಟ್ಟಿದ್ದ ತಂತ್ರಾಂಶವೊಂದು ಸಿಕ್ಕಿತು. ಆಪರೇಷನ್ನಿಗೆ ಮುಂಚೆ ಇದ್ದ ದಿನಗಳಲ್ಲಿ ಬಟ್ಟೆಯ ಕೋಣೆಗೆ ಕಂಬಳಿ ಇಳಿಬಿಟ್ಟು, ಇವರನ್ನು ಒಳಗೆ ಕೂರಿಸಿ, ವಾಕ್ಯಗಳನ್ನು ಓದಿಸಿದೆ. 'ಕಿಟಕಿಯ ಹೊರಗೆ ಬಿಸಿಲಿದೆ' ಎಂಬುದನ್ನೂ ಬದನೆಕಾಯಿ ಬುಟ್ಟಿ ಮಾರುವ ಹಾಗೆ ಓದುತ್ತಿದ್ದರು. "ನಿಧಾನ ರೀ, ಯಾರೂ ಬಿಡ್ ಕೂಗ್ತಿಲ್ಲ" ಎಂದರೆ, "ನಿಧಾನ ಅಂದ್ರೆ ಹೆಂಗೇ? ತೋರ್ಸು" ಎನ್ನುತ್ತಿದ್ದರು. ಕಂಬಳಿಯ ಸೆಕೆಯಲ್ಲಿ ಇಬ್ಬರೂ ಬೆವರಿ, ನಕ್ಕು ಸುಸ್ತಾದೆವು.

ಇವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮುದುಕ ಮನೆಯಲ್ಲಿ ಇವರ ಧ್ವನಿಯ ಪಾಠ ಕಲಿಯುತ್ತಿದ್ದ. ಬಿಸಿ ತಡೆಯಲಾರದೆ ಎರಡು ಬಾರಿ ನಿಂತೇಹೋದ. ಪಕ್ಕದ ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನನ್ನು ಅವನ ಹೊಟ್ಟೆಗೇ ತಿರುಗಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಇವರು ಮನೆಗೆ ಬಂದು, ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಕೀಬೋರ್ಡಿನ ಮುಂದೆ ಕೂತು ಮೊದಲು ಟೈಪು ಮಾಡಿದ್ದು, 'ಕಾಫಿ ಕೊಡ್ತೀಯಾ ಇಲ್ವಾ?' ಮುದುಕ ಖೊರ್ ಎಂದು ಯೋಚಿಸಿದ, ಯೋಚಿಸಿದ. ಆಮೇಲೆ ಸ್ಪೀಕರಿನಿಂದ ಇವರದೇ ಗಂಟಲು ಬಂತು. ಸ್ವಲ್ಪವೂ ಕುಂದಿಲ್ಲ. ಕೊನೆಯ ಅಕ್ಷರ ಹರಾಜಿನ ಹಾಗೆ ಮೇಲಕ್ಕೆ ಏರಿತ್ತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅತ್ತೆಗೆ ಇದೊಂದೂ ಗೊತ್ತಿರಲಿಲ್ಲ. ಅವರದು ಮೊದಲೇ ನಿತ್ರಾಣ ಹೃದಯ. "ಅಣ್ಣನಿಗೆ ಹಿಂಗಾಗಿದೆ ಅಂತ ಕೇಳಿದ್ರೆ ಅಮ್ಮ ಉಳಿಯಲ್ಲ ಅತ್ತಿಗೆ. ನೀವು ಬಾಯಿ ಬಿಡಕೂಡದು" ಎಂದು ನನ್ನ ನಾದಿನಿ ಆಣೆ ಹಾಕಿಸಿಕೊಂಡಂತೆ ಹೇಳಿದ್ದಳು. ಅತ್ತೆಗೆ ಕಣ್ಣು ಮಂಜು, ಕೈಯಲ್ಲಿರುವುದು ಬಟನ್ ಫೋನು, ಮುಖ ತೋರಿಸುವ ಕಾಟವಿಲ್ಲ. ಆಪರೇಷನ್ನಿನ ದಿನಗಳಲ್ಲಿ ಮಂಡಿಯ ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ ಎಂದು ನಾನು ತೇಲಿಸಿದೆ. ಆಮೇಲೆ ಸಂಜೆ ನನ್ನ ಮೊಬೈಲಿಗೆ ಅವರ ಫೋನು ಬಂದಾಗ ಅದನ್ನು ಲೌಡ್‌ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಸ್ಪೀಕರಿನ ಪಕ್ಕ ಇಡುವುದು, ಇವರು ಟೈಪು ಮಾಡುವುದು, ಮುದುಕ ಮಾತಾಡುವುದು. ಮೊದಲ ದಿನ ಅತ್ತೆ ಧ್ವನಿ ಕೇಳಿ, "ಏನೋ, ಚೆನ್ನಾಗಿದೀಯಾ?" ಎಂದರು. ಮೋಸ ಕಂಡುಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ, ಅದು ಇವರದೇ ಧ್ವನಿ.

ತೊಂದರೆ ಇದ್ದದ್ದು ಮುದುಕನ ವಯಸ್ಸಿನಲ್ಲಿ. ಉದ್ದದ ವಾಕ್ಯ ಕೊಟ್ಟರೆ ತಯಾರಿಸಲು ಅವನು ತೆಗೆದುಕೊಳ್ಳುವ ಹೊತ್ತಿಗೆ ಅತ್ತೆ ಹಲೋ ಹಲೋ ಎಂದು ಕೂಗಿ, ಲೈನು ಸರಿಯಿಲ್ಲ ಎಂದು ಇಟ್ಟುಬಿಡುತ್ತಿದ್ದರು. ಹಗುರವಾದ ಬೇರೆ ತಂತ್ರಾಂಶ ಹಾಕಿ ನೋಡಿದೆ. ಅದು ಥಟ್ಟನೆ ಮಾತಾಡುತ್ತಿತ್ತು, ಆದರೆ ನೆಗಡಿಯಾದ ಬೇರೆ ಯಾರೋ ಮಾತಾಡಿದ ಹಾಗಿತ್ತು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ದಿನಾ ಬೇಕಾಗುವ ಚಿಕ್ಕ ಮಾತುಗಳನ್ನು ಮೊದಲೇ ಮಾಡಿಸಿಟ್ಟು, ಒಂದು ಹಳೆಯ ಅಂಕಿ ಕೀಲಿಮಣೆಗೆ ಜೋಡಿಸಿದೆ. ಒಂದೊಂದು ಬಟನ್ ಒತ್ತಿದರೆ ಒಂದೊಂದು ಮಾತು, ತಡವೇ ಇಲ್ಲ. 'ಹೂಂ, ಹೇಳಮ್ಮ.' 'ಮಾತ್ರೆ ತಗೊಂಡ್ಯಾ?' 'ಹೌದಾ! ಆಮೇಲೆ?' 'ನೀನು ಹೇಳೋದು ಸರಿ.' ಅತ್ತೆ ಮಂಚ ಕಿಟಕಿ ಕಡೆ ಹಾಕಿಸ್ಲಾ, ಡಾಕ್ಟರನ್ನ ಬದಲಾಯಿಸ್ಲಾ ಎಂದು ಸಣ್ಣಪುಟ್ಟದ್ದನ್ನೆಲ್ಲ ಮಗನನ್ನು ಕೇಳುವವರು; ಅದಕ್ಕೊಂದು 'ಹಾಗೇ ಮಾಡೋಣಮ್ಮ.' ಇವರು ಹುಟ್ಟಿದಾಗಿನಿಂದ ತಾಯಿಗೆ ಆಡದ ಮಾತುಗಳು ಅವು. ಬಟನ್ನುಗಳ ಮೇಲೆ ಬಣ್ಣದ ಚೀಟಿ ಅಂಟಿಸುವಾಗ ನನಗೆ ನಗು ಬಂದಿತ್ತು.

ಅತ್ತೆ ಅರಳಿದರು. ಬೇರೆ ಮಾತು ಸಿಗುತ್ತಿಲ್ಲ ನನಗೆ, ಅರಳಿದರು. ಮಗ ನಡುವೆ ಬಾಯಿ ಹಾಕುವುದಿಲ್ಲ, ರೇಗುವುದಿಲ್ಲ, ಹೇಳಮ್ಮ ಎನ್ನುತ್ತಾನೆ. ನಾಲ್ಕು ಮಾತಿಗೆ ಮುಗಿಯುತ್ತಿದ್ದ ಫೋನು ಈಗ ನನ್ನ ಅಡುಗೆ ಮುಗಿದರೂ ಮುಗಿಯುತ್ತಿರಲಿಲ್ಲ. ಇವರ ಅಪ್ಪ ತೀರಿಕೊಂಡ ಮೇಲೆ ಒಬ್ಬರೇ ಮನೆ ನಡೆಸಿದ್ದು, ಇವರಿಗೆ ಜ್ವರ ಬಂದಾಗ ಎತ್ತಿಕೊಂಡು ನಡೆದದ್ದು, ಯಾರ ಮುಂದೆಯೂ ಆಡದ ಮಾತುಗಳೆಲ್ಲ ಹೊರಗೆ ಬಂದವು. ನಾನು ಒಲೆಯ ಮುಂದೆ ನಿಂತು ಕೇಳುತ್ತಿದ್ದೆ. ಇವರು? ಎಡಗೈಯಲ್ಲಿ ಮಂಡಿಯ ಧಾರಣೆ ಬಂದ ಮೊಬೈಲು, ಬಲಗೈಯ ಒಂದು ಬೆರಳು ಬಟನ್ನಿನ ಮೇಲೆ. ಅತ್ತೆ ಉಸಿರು ತೆಗೆದುಕೊಂಡಾಗೊಮ್ಮೆ ಒತ್ತುವುದು. "ಪಕ್ಕದ ಮನೆಯಾಕೆ ತೀರ್ಕೊಂಡ್ಲು ಕಣೋ" ಎಂದು ಅತ್ತೆ ಹೇಳಿದ ದಿನ, 'ಹೌದಾ! ಆಮೇಲೆ?' ಎಂದು ಹೋಯಿತು. "ಆಮೇಲೇನು, ಎತ್ಕೊಂಡು ಹೋದ್ರು" ಎಂದರು ಅತ್ತೆ. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡೆ. ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

"ಸ್ವಲ್ಪನಾದ್ರೂ ಕಿವಿಗೆ ಹಾಕ್ಕೊಳ್ಳಿ ರೀ, ಹೆತ್ತ ತಾಯಿ" ಎಂದು ಹೇಳಿಯೂ ನೋಡಿದೆ. ಇವರು ತುಟಿಯಾಡಿಸಿದರು. ಅಷ್ಟರಲ್ಲಿ ಇವರ ತುಟಿ ಓದುವುದು ನನಗೆ ಅಭ್ಯಾಸವಾಗಿತ್ತು. 'ಅವಳು ಖುಷಿಯಾಗಿದಾಳಲ್ಲ, ನಿಂಗೇನು?' ಎಂದರು.

ಒಂದು ಸಂಜೆ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬರುತ್ತಿದ್ದೆ. ಅತ್ತೆಯ ಧ್ವನಿ ನಡುಗುತ್ತಿತ್ತು. "ಮುಂಚೆ ನಿನ್ನ ಕಂಡ್ರೆ ಭಯ ಆಗ್ತಿತ್ತು ಕಣೋ. ಈಗ ನೀನೇ ಬೇರೆ ಆಗಿದೀಯ. ಇರೋ ನಾಲ್ಕು ದಿನ ನಿನ್ನ ಹತ್ರಾನೇ ಇದ್ದುಬಿಡ್ಲಾ? ಇಲ್ಲಿ ಎಲ್ಲ ಬಿಟ್ಟು ಬಂದುಬಿಡ್ಲಾ?" ನಾನು ಬಟ್ಟೆ ಕೆಳಗೆ ಹಾಕಿ ಓಡಿದೆ. ಇವರ ಕಣ್ಣು ಮೊಬೈಲಿನ ಮೇಲಿತ್ತು. ಬೆರಳು ಒತ್ತಿತು. ಸ್ಪೀಕರಿನಿಂದ ಇವರ ಗಂಟಲು ಅಕ್ಕರೆಯಿಂದ ಹೇಳಿತು, "ಹಾಗೇ ಮಾಡೋಣಮ್ಮ."

ಆ ಕಡೆ ಅತ್ತೆ ಅಳತೊಡಗಿದರು. ಅಳುತ್ತಲೇ, "ಈ ವಾರಾನೇ ಬರ್ತೀನಿ" ಎಂದು ಫೋನಿಟ್ಟರು. ಇವರು ತಲೆಯೆತ್ತಿ ನನ್ನ ಮುಖ ನೋಡಿ, ಏನಾಯ್ತು ಎಂದು ಕೈಯಾಡಿಸಿದರು. ಹೇಳಿದೆ. ಮೊಬೈಲು ಕೈಜಾರಿ ತೊಡೆಯ ಮೇಲೆ ಬಿತ್ತು.

'ಬೇಡ ಅಂತ ನೀನೇ ಹೇಳು' ಎಂದಿತು ಇವರ ತುಟಿ.

"ನಾನ್ಯಾಕೆ ಹೇಳ್ಲಿ? ನಾನು ಒತ್ತಿದ್ನಾ?"

'ಬಟನ್ ಮಾಡಿದ್ದು ನೀನು.'

ಕೆನ್ನೆಗೆ ಹೊಡೆದ ಹಾಗಾಯಿತು. "ಹೌದು, ನಾನೇ ಮಾಡಿದ್ದು. ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಬರ್ಲಿ ಅಂತ ಮಾಡಿದೆ. ಅದಾದ್ರೂ ಕೇಳಿಸ್ಕೊಂಡು ಒತ್ತಬಾರ್ದಿತ್ತಾ? ಅವರು ಹೆತ್ತಿದ್ದು ನಿಮ್ಮನ್ನ, ಈ ಡಬ್ಬಾನ ಅಲ್ಲ!" ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ತಿರುಗಿ ಬೈಯಲಾರರು. ಮುಖ ಕೆಂಪಾಯಿತು, ಕತ್ತಿನ ಬಟ್ಟೆ ಉಸಿರಿನ ರಭಸಕ್ಕೆ ಹಾರಿ ಹಾರಿ ಬಿತ್ತು. ಜಗಳದಲ್ಲಿ ನಾನು ಗೆದ್ದೆ, ಮತ್ತು ಅಷ್ಟು ಕೆಟ್ಟದಾಗಿ ಯಾವತ್ತೂ ಅನ್ನಿಸಿರಲಿಲ್ಲ. ಪಕ್ಕದಲ್ಲಿ ಕೂತೆ. ಇವರು ತುಟಿಯಾಡಿಸಿದರು. 'ನನ್ನ ಧ್ವನಿ ಕೇಳಿ ಬರ್ತಿದಾಳೆ. ಬಂದ್ಮೇಲೆ ಅವಳ ಮುಂದೆ ಬರೀ ತುಟಿ ಆಡಿಸ್ಕೊಂಡು ನಿಲ್ಲಲಾ?'

ನಾದಿನಿಯ ಫೋನು ಮರುದಿನವೇ ಬಂತು. "ಏನ್ ಹೇಳಿದ್ರಿ ಅತ್ತಿಗೆ ನೀವು? ಅಮ್ಮ ಟ್ರಂಕು ತುಂಬ್ತಿದಾಳೆ. ಮಂಚಾನ ಕೆಳಗಿನ ಮನೆಯವರಿಗೆ ಕೊಟ್ಟಾಯ್ತು. ಬಂದು ಅಣ್ಣನ್ನ ನೋಡಿ ಅಲ್ಲೇ ಕುಸಿದ್ರೆ ಯಾರು ಹೊಣೆ?" ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವರು ಹೊರಡುವ ಮುಂಚೆಯೇ ಹೇಳಿಬಿಡೋಣ ಎಂದೆ. ಅವಳೂ ಒಪ್ಪಿದಳು. ಅಂದು ಸಂಜೆ ಅವಳು ಕೆಲಸದಿಂದ ಬಂದು, ಮಾತ್ರೆ ಹತ್ತಿರ ಇಟ್ಟುಕೊಂಡು ಅಮ್ಮನ ಪಕ್ಕ ಕೂರುವುದು, ಆಮೇಲೆ ನಾವು ಫೋನು ಮಾಡುವುದು, ಇವರೇ ಹೇಳುವುದು. ಬಟನ್ನುಗಳ ಮಣೆಯನ್ನು ನಾನು ಕಿತ್ತು ಬೀರುವಿನೊಳಗೆ ಹಾಕಿದೆ.

ಆದರೆ ಅತ್ತೆಗೆ ಅಷ್ಟು ತಾಳ್ಮೆ ಎಲ್ಲಿ? ಹೊತ್ತಿಗೆ ಮುಂಚೆಯೇ, ಮಗಳು ಬರುವ ಮೊದಲೇ, ತಾವೇ ಫೋನು ಮಾಡಿದರು. "ಅತ್ತೆ, ಆಮೇಲೆ ಮಾಡ್ತೀವಿ" ಎಂದು ನಾನು ಹೇಳುವಷ್ಟರಲ್ಲಿ ಇವರು ಕೈ ಅಡ್ಡ ತಂದರು. ಈಗ ಬಿಟ್ಟರೆ ಧೈರ್ಯ ಇರುವುದಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಫೋನನ್ನು ಸ್ಪೀಕರಿನ ಪಕ್ಕ ಇಟ್ಟು ಟೈಪು ಮಾಡಲು ಕೂತರು. ಬರೆದು, ಅಳಿಸಿ, ಬರೆದರು. ಮುದುಕನಿಗೆ ಕೊಟ್ಟರು. ಫ್ಯಾನು ಖೊರ್ ಎಂದು ಏರಿತು.

ಅತ್ತೆ ಆ ಕಡೆ ಸಡಗರದಲ್ಲಿ ಹೇಳುತ್ತಲೇ ಇದ್ದರು. "ನಿನ್ನ ಹಳೇ ಕಂಬಳಿ ಇತ್ತಲ್ಲ, ನೀಲೀದು, ಅದನ್ನೂ ಹಾಕ್ಕೊಂಡಿದೀನಿ. ನಂಗೆ ಕೋಣೆ ಗೀಣೆ ಬೇಡ, ಹಾಲಲ್ಲೇ ಮಲಗ್ತೀನಿ. ನೀನು ಬೆಳಿಗ್ಗೆ ಮಂಡಿಗೆ ಹೋಗೋವಾಗ ಸದ್ದು ಕೇಳಿಸುತ್ತೆ ನೋಡು, ಅದೇ ಚೆಂದ." ನನಗೆ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಸ್ಪೀಕರು ಮಾತಾಡಿತು.

"ಅಮ್ಮ, ನಂಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಧ್ವನಿ ತೆಗೆದುಬಿಟ್ರು. ಈಗ ನಂಗೆ ಮಾತು ಬರಲ್ಲ. ಇಷ್ಟು ದಿನ ನಿನ್ನ ಹತ್ರ ಮಾತಾಡಿದ್ದು ಕಂಪ್ಯೂಟರು."

ತುಂಬು ಗಂಟಲು. ಒಂದು ಬಿರುಕಿಲ್ಲ, ಒಂದು ತಡವರಿಕೆ ಇಲ್ಲ. ಕೊನೆಯ ಮಾತು ಹರಾಜಿನ ಹಾಗೆ ಮೇಲಕ್ಕೆ ಏರಿತು. ನಾನು ಅಷ್ಟು ದಿನ ಹೆಮ್ಮೆಪಟ್ಟಿದ್ದ ಕೆಲಸವನ್ನು ಆ ಕ್ಷಣ ಒದೆಯಬೇಕೆನ್ನಿಸಿತು.

ಅತ್ತೆಯ ಒಣ ನಗು ಕೇಳಿಸಿತು. "ಮಾತು ಬರಲ್ಲ ಅಂತ ಇಷ್ಟು ಸ್ಪಷ್ಟವಾಗಿ ಹೇಳ್ತಿದೀಯಲ್ಲೋ. ನಾನು ಬರೋದು ಬೇಡ ಅಂದ್ರೆ ಬೇಡ ಅನ್ನು. ಅದಕ್ಕೆ ಇಂಥ ಕೆಟ್ಟ ಸುಳ್ಳು ಹೇಳ್ಬೇಕಾ? ಕ್ಯಾನ್ಸರ್ ಅಂತೆ, ಕಂಪ್ಯೂಟರ್ ಅಂತೆ. ಬಾಯಿಗೆ ಬಂದ ಹಾಗೆ ಬೈತಿದ್ಯಲ್ಲ, ಅದೇ ಎಷ್ಟೋ ವಾಸಿ ಕಣೋ."

"ಅತ್ತೆ, ಇಲ್ಲ ಅತ್ತೆ, ನಿಜಾನೇ" ಎಂದೆ.

"ನೀನೂ ಅವನ ಜೊತೆ ಸೇರ್ಕೊಂಡ್ಯಾ? ಬೇಡಮ್ಮ. ನಾನು ಬರಲ್ಲ. ಮಂಚ ವಾಪಸ್ ಕೇಳೋಕೆ ನಾಚಿಕೆ, ನೆಲದ ಮೇಲೆ ಮಲಗ್ತೀನಿ ಅಷ್ಟೇ."

ಇವರು ಕೀಬೋರ್ಡಿಗೆ ಕೈ ಹಾಕಿದರು. ಬೆರಳು ತಪ್ಪಿ ತಪ್ಪಿ ಏನೋ ಬರೆದು ಒತ್ತಿದರು. ಮುದುಕ ಖೊರ್ ಖೊರ್ ಎನ್ನುತ್ತಾ ಕೂತ. ಅದು ಮಾತಾಗುವಷ್ಟರಲ್ಲಿ ಅತ್ತೆ ಫೋನು ಇಟ್ಟುಬಿಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. "ಇಡ್ತೀನಪ್ಪ" ಎಂದೇ ಬಿಟ್ಟರು. ಇವರು ಫೋನನ್ನು ಕಸಿದುಕೊಂಡರು. ಬಾಯಿಯ ಹತ್ತಿರ ಹಿಡಿದು ಅಮ್ಮ ಎಂದು ತುಟಿಯಾಡಿಸಿದರು. ಏನೂ ಹೊರಡಲಿಲ್ಲ. ಕತ್ತಿನ ಬಟ್ಟೆ ಕಿತ್ತೆಸೆದು ಫೋನನ್ನು ಆ ತೂತಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೂಗಿದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಇಳಿಯಿತು. ಹೊರಗೆ ಬಂದದ್ದು ಬರೀ ಗಾಳಿ, ಒದ್ದೆ ಒದ್ದೆಯಾದ, ಸೀಳಿದ ಗಾಳಿ.

"ಯಾರದು?" ಎಂದರು ಅತ್ತೆ. ಹೆದರಿದ್ದರು. "ಯಾರು ಫೋನ್ ತಗೊಂಡಿರೋದು? ನನ್ನ ಮಗನ ಕೈಗೆ ಕೊಡಿ."

ಇವರು ಫೋನನ್ನು ನನ್ನ ಕಡೆ ಚಾಚಿದರು. ನನಗೆ ಗಂಟಲಾದರೂ ಇತ್ತು.

"ಫೋನು ಅವರ ಕೈಯಲ್ಲೇ ಇತ್ತು ಅತ್ತೆ. ಆ ಸದ್ದು ನಿಮ್ಮ ಮಗಂದು. ನಿಮ್ಮನ್ನ ಅಮ್ಮ ಅಂತ ಕೂಗ್ತಿದ್ರು."

ಆ ಕಡೆಯಿಂದ ಏನೂ ಇಲ್ಲ. ಅತ್ತೆ ಕುಸಿದರೇನೋ ಎಂದು ಹೆದರಿದೆ. ಅದೇ ಹೊತ್ತಿಗೆ, ಇವರು ಆಗ ಟೈಪು ಮಾಡಿದ್ದನ್ನು ತಯಾರಿಸಿ ಮುಗಿಸಿದ ಮುದುಕ ಸ್ಪೀಕರಿನಲ್ಲಿ ಗಟ್ಟಿಯಾಗಿ ಕೂಗಿದ. "ಅಮ್ಮ, ಫೋನ್ ಇಡಬೇಡ, ನಾನು ನಿನ್ನ ಮಗ, ನಿಜ ಹೇಳ್ತಿದೀನಿ."

"ಅದನ್ನ ಆಫ್ ಮಾಡು" ಎಂದರು ಅತ್ತೆ. ಅವರು ಅಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಅದನ್ನ ಮೊದಲು ಆಫ್ ಮಾಡಮ್ಮ. ಅವನಿಗೆ ಇನ್ನೊಂದ್ಸಲ ಕೊಡು."

ಪ್ಲಗ್ಗು ಕಿತ್ತೆ. ಫ್ಯಾನು ನಿಂತು ಹಾಲಿನಲ್ಲಿ ಬೇರೆ ಸದ್ದೇ ಇಲ್ಲದಂತಾಯಿತು. ಫೋನನ್ನು ಇವರ ಕತ್ತಿನ ಹತ್ತಿರ ನಾನೇ ಹಿಡಿದೆ. ಇವರು ಕೂಗಲು ಹೋಗಲಿಲ್ಲ, ಸುಮ್ಮನೆ ಉಸಿರಾಡಿದರು. ಒಳಗೆ ಹೋಗಿ, ಹೊರಗೆ ಬಂದು, ಸ್ವಲ್ಪ ಗೊರಗೊರ ಎನ್ನುವ ಉಸಿರು.

"ನೋಯುತ್ತೇನೋ, ಮಗಾ?" ಎಂದು ಅತ್ತೆ ಕೇಳಿದರು.

ಇವರು ಫೋನಿನ ಕಡೆ ನೋಡುತ್ತಾ ಇಲ್ಲ ಇಲ್ಲ ಎಂದು ಜೋರಾಗಿ ತಲೆಯಾಡಿಸಿದರು. ಅತ್ತೆ ಕಾಯುತ್ತಿದ್ದರು.

"ಇಲ್ಲ ಅಂತಿದಾರೆ ಅತ್ತೆ" ಎಂದೆ ನಾನು.